ಅಜ್ಜಿಯ ಹಚ್ಚೆಯನ್ನೇ ಹಾಕಿಸಬೇಕು, ಹೇಗೆ?

ನಮ್ಮ ಅಜ್ಜಿ ಪಾಂಡವಪುರದ ಕಡೆಯವರು. ಬಲ ಮುಂಗೈ ಮೇಲೆ ಹಚ್ಚೆ ಹುಯ್ಯಿಸಿಕೊಂಡಿದ್ದರು. ನಡುವೆ ತುಳಸಿಕಟ್ಟೆ, ಸುತ್ತ ಚುಕ್ಕಿ ಸಾಲು. ಊರಿಗೆ ಬರುತ್ತಿದ್ದ ಕೊರವಂಜಿ ಸೂಜಿಯಲ್ಲಿ ಚುಚ್ಚಿ ಹಾಕಿದ್ದಂತೆ. ಅಜ್ಜಿ ಹೋದ ವರ್ಷ ತೀರಿಕೊಂಡರು. ಅದೇ ಹಚ್ಚೆ ನನ್ನ ಕೈಮೇಲೂ ಇರಬೇಕು ಅಂತ ಬಹಳ ಆಸೆ. ಕೈ ಕಾಣುವ ಫೋಟೋ ಒಂದೇ ಇದೆ, ಮುದ್ದೆ ಕಟ್ಟುವಾಗ ತೆಗೆದದ್ದು. ಗೆರೆ ಹಸಿರಾಗಿ ಹರಡಿದೆ, ಒಂದು ಮೂಲೆಯ ಚುಕ್ಕಿಗಳು ಕಾಣುವುದೇ ಇಲ್ಲ. ಮೈಸೂರಲ್ಲಿ ಹಾಕಿಸುತ್ತೇನೆ. ತಿದ್ದಿಸಲಾ, ಇದ್ದ ಹಾಗೇ ಹಾಕಿಸಲಾ?

ಉತ್ತರ 1
ನಾನು ಮೈಸೂರಲ್ಲಿ ಟ್ಯಾಟೂ ಹಾಕುತ್ತೇನೆ. ಹರಡಿದ ಗೆರೆಯನ್ನು ನಕಲು ಮಾಡಿಸಬೇಡಿ. ಇಂಕು ಚರ್ಮದ ಎರಡನೇ ಪದರದಲ್ಲಿ ಕೂರುತ್ತೆ, ವರ್ಷ ಕಳೆದಂತೆ ತಾನಾಗಿ ಹರಡುತ್ತೆ. ಈಗಲೇ ದಪ್ಪ ಮಾಡಿಸಿದರೆ ಮುಂದೆ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಡುವೆ ಜಾಗ ಜಾಸ್ತಿ ಬಿಡಿಸಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ. ಗಾಯ ಮಾಯುವವರೆಗೆ ನಾಲೆ, ಹೊಳೆಗೆ ಇಳಿಯಬೇಡಿ, ಬಿಸಿಲೂ ಬೇಡ.

ಉತ್ತರ 2
ತಮ್ಮಾ, ಕಾಣದ ಚುಕ್ಕಿಯನ್ನು ಸುಮ್ನೆ ಊಹಿಸಿ ಸೇರಿಸಬೇಡ. ಅಜ್ಜಿಯ ಅಕ್ಕತಂಗಿಯರು ಇದ್ದರೆ ಹೋಗಿ ಅವರ ಕೈ ನೋಡು. ಒಬ್ಬಳೇ ಕೊರವಂಜಿ ಮನೆಯವರಿಗೆಲ್ಲ ಒಂದೇ ಹಚ್ಚೆ ಹಾಕಿರುತ್ತಾಳೆ. ನಮ್ಮಮ್ಮ, ಚಿಕ್ಕಮ್ಮಂದಿರ ಕೈಯಲ್ಲಿ ಹಾಗೇ ಇತ್ತು. ಯಾರೂ ಇಲ್ಲವಾದರೆ ಆ ಮೂಲೆ ಖಾಲಿಯೇ ಇರಲಿ, ಅದೂ ಅಜ್ಜಿಯದೇ ಅಲ್ವಾ?

ಉತ್ತರ 3
ರಕ್ತ ಕೊಡುವ ಅಭ್ಯಾಸ ಇದ್ದರೆ ಮೊದಲೇ ಕೊಟ್ಟುಬಿಡಿ. ಹಚ್ಚೆ ಹಾಕಿಸಿದ ಮೇಲೆ 12 ತಿಂಗಳು ತೆಗೆದುಕೊಳ್ಳುವುದಿಲ್ಲ.