ಮೂರು ವರ್ಷದ ಚೀನಿಕಾಯಿ ಬೀಜ: ನೀರಿನಲ್ಲಿ ತೇಲಿದ್ದನ್ನು ಎಸೆಯಬೇಕೇ?

ಪ್ರಶ್ನೆ: ಮಲೆನಾಡಿನ ಹಿತ್ತಲು, ತೀರ್ಥಹಳ್ಳಿ ಕಡೆ

ನಮಸ್ಕಾರ. ನಮ್ಮ ಅತ್ತೆಯವರು ಮೂರು ವರ್ಷಗಳ ಹಿಂದೆ ಚೀನಿಕಾಯಿಯಿಂದ ತೆಗೆದು, ಬೂದಿ ಹಚ್ಚಿ ಒಣಗಿಸಿ, ಗಾಜಿನ ಬಾಟಲಿಗೆ ತುಂಬಿಟ್ಟಿದ್ದ ಸುಮಾರು 120 ಬೀಜಗಳು ಈ ವಾರ ಅಟ್ಟ ಗುಡಿಸುವಾಗ ಸಿಕ್ಕವು. (ಸಿಹಿಗುಂಬಳ ಎಂದು ನೀವು ಕರೆಯುವುದನ್ನೇ ನಾವು ಚೀನಿಕಾಯಿ ಎನ್ನುತ್ತೇವೆ.) ಈ ತಳಿ ಈಗ ನಮ್ಮೂರಿನಲ್ಲಿ ಬೇರೆ ಯಾರ ಬಳಿಯೂ ಇಲ್ಲದ ಕಾರಣ, ಮಳೆಗಾಲಕ್ಕೆ ಮುಂಚೆ ಕುರುಡಾಗಿ ಎಲ್ಲವನ್ನೂ ಊರಿ ಕಳೆದುಕೊಳ್ಳಲು ಮನಸ್ಸಿಲ್ಲ. ನೀರಿಗೆ ಹಾಕಿ ನೋಡಿದರೆ ತಿಳಿಯುತ್ತದೆ ಎಂದು ನೆರೆಯವರು ಹೇಳಿದ್ದರಿಂದ 20 ಬೀಜಗಳನ್ನು ನಿನ್ನೆ ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ನೋಡಿದಾಗ 7 ಮುಳುಗಿದ್ದವು, 13 ತೇಲುತ್ತಿದ್ದವು. ತೇಲಿದವೆಲ್ಲ ಜೊಳ್ಳೆಂದು ತಿಳಿದು ಎಸೆಯಬಹುದೇ?

ಉತ್ತರ 1: ಬೀಜದ ಬುಟ್ಟಿ, ಮೈಸೂರು

ದಯವಿಟ್ಟು ಎಸೆಯಬೇಡಿ. ಭತ್ತದಲ್ಲಿ ಉಪ್ಪುನೀರಿಗೆ ಹಾಕಿ ಜೊಳ್ಳು ತೆಗೆಯುವ ಪದ್ಧತಿ ಚೆನ್ನಾಗಿ ನಡೆಯುತ್ತದೆ, ಆದರೆ ಕುಂಬಳದ ಬೀಜದ ರಚನೆಯೇ ಬೇರೆ. ಅದರ ಸಿಪ್ಪೆಗೂ ಒಳಗಿನ ತಿರುಳಿಗೂ ನಡುವೆ ಗಾಳಿಗೆ ಎಡೆಯಿದ್ದು, ಬೀಜ ಒಣಗಿದಷ್ಟೂ ಆ ಎಡೆ ಹೆಚ್ಚುವುದರಿಂದ, ಚೆನ್ನಾಗಿ ಒಣಗಿದ ಜೀವಂತ ಬೀಜವೂ ತೇಲಬಹುದು. ಸತ್ತು ನೀರು ಕುಡಿದ ಬೀಜ ಮುಳುಗಲೂಬಹುದು. ಹಾಗಾಗಿ ನೀರಿನ ಪರೀಕ್ಷೆಯಿಂದ ಬೀಜದ ತೂಕ ತಿಳಿಯುತ್ತದೆಯೇ ಹೊರತು ಜೀವ ತಿಳಿಯುವುದಿಲ್ಲ.

ಜೀವ ತಿಳಿಯಬೇಕಾದರೆ ಮೊಳಕೆ ಬರಿಸಿಯೇ ನೋಡಬೇಕು. ನೀವು ಹೇಗೂ 20 ಬೀಜಗಳನ್ನು ನೆನೆಸಿದ್ದೀರಿ, ಅವನ್ನು ಮತ್ತೆ ಒಣಗಿಸಿ ಬಾಟಲಿಗೆ ಸೇರಿಸುವ ಬದಲು ಪರೀಕ್ಷೆಗೇ ಬಳಸಿಕೊಳ್ಳಿ. ಹಳೆಯ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ, ನೀರು ತೊಟ್ಟಿಕ್ಕದಂತೆ ಹಿಂಡಿ, ಮುಳುಗಿದವನ್ನು ಒಂದು ಬಟ್ಟೆಯಲ್ಲಿಯೂ ತೇಲಿದವನ್ನು ಇನ್ನೊಂದರಲ್ಲಿಯೂ ಒಂದಕ್ಕೊಂದು ತಾಗದಂತೆ ಹರಡಿ ಸುರುಳಿ ಸುತ್ತಿರಿ. ಬಟ್ಟೆ ತೀರಾ ಒದ್ದೆಯಾದರೆ ಬೀಜ ಕೊಳೆಯುತ್ತದೆ, ಮನೆಯಲ್ಲಿ ಮಾಡುವ ಪರೀಕ್ಷೆಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ. ಆಮೇಲೆ ಸುರುಳಿಗಳನ್ನು ಮುಚ್ಚಳ ಸಡಿಲವಿರುವ ಡಬ್ಬಿಯಲ್ಲಿಟ್ಟು ಬೆಚ್ಚನೆಯ ಜಾಗದಲ್ಲಿಡಿ. ಕುಂಬಳಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತ, 15 ಡಿಗ್ರಿಗಿಂತ ಕೆಳಗಿಳಿದರೆ ಮೊಳಕೆಯೇ ಏಳುವುದಿಲ್ಲ. ನಿಮ್ಮ ಕಡೆ ಬಚ್ಚಲೊಲೆ ಉರಿಯುತ್ತಿದ್ದರೆ ಹಂಡೆಗೆ ಮೊಳದಷ್ಟು ದೂರದ ಗೋಡೆಗೂಡು ಸಾಕು.

ನಾನು ಕೆಲವು ವರ್ಷ ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು. ಅಲ್ಲಿ 400 ಬೀಜಗಳನ್ನಿಟ್ಟು, ನಾಲ್ಕನೆಯ ದಿನ ಒಮ್ಮೆ, ಎಂಟನೆಯ ದಿನ ಕೊನೆಯದಾಗಿ ಎಣಿಸುತ್ತೇವೆ. ಮೂಗು ಹೊರಗೆ ಚಾಚಿದ ಮಾತ್ರಕ್ಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇರು ಬೆಳ್ಳಗೆ ಉದ್ದಕ್ಕೆ ಇಳಿದಿರಬೇಕು, ತುದಿ ಕಂದಾಗಿರಬಾರದು, ದಂಟು ತಿರುಚಿರಬಾರದು. ನಮ್ಮ ದೇಶದಲ್ಲಿ ಪ್ರಮಾಣಿತ ಕುಂಬಳದ ಬೀಜಕ್ಕೆ ನಿಗದಿಯಾಗಿರುವ ಕನಿಷ್ಠ ಮೊಳಕೆ ಪ್ರಮಾಣವೇ ಶೇಕಡಾ 60. ಆದ್ದರಿಂದ ನಿಮ್ಮ 20ರಲ್ಲಿ 12 ಮೊಳೆತರೂ ಅಂಗಡಿಯ ಬೀಜಕ್ಕೆ ನೀವು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಆದರೆ 20 ಬೀಜದ ಲೆಕ್ಕ ಅಂದಾಜು ಮಾತ್ರ. ಒಂದೆರಡು ಹೆಚ್ಚುಕಡಿಮೆಯಾದರೆ ಅದಕ್ಕೆ ಅರ್ಥ ಹುಡುಕಬೇಡಿ.

ಉತ್ತರ 2: ಶಿರಸಿಯ ಅಜ್ಜಿ

ತಂಗಿ, ಬಟ್ಟೆ ಸುತ್ತುವ ಮೊದಲು ಬಾಟಲಿಯಿಂದ ಇನ್ನೂ ಒಣಗಿರುವ ಎರಡು ಬೀಜ ತೆಗೆದು ಬಗ್ಗಿಸಿ ನೋಡು. ಪಟ್ಟನೆ ಮುರಿದರೆ ಒಳ್ಳೆಯದು, ಚರ್ಮದಂತೆ ಬಾಗಿದರೆ ತೇವ ಉಳಿದಿದೆ ಎಂದರ್ಥ, ತೇವದ ಬೀಜಕ್ಕೆ ಮುಚ್ಚಿದ ಬಾಟಲಿಯೇ ಶತ್ರು. ಸಿಪ್ಪೆ ಬಿಡಿಸಿದಾಗ ಒಳಗಿನ ತಿರುಳು ಬೆಳ್ಳಗೆ, ತುಂಬಿಕೊಂಡಿರಬೇಕು. ಹಳದಿಗಟ್ಟಿ ಕಮಟು ವಾಸನೆ ಬಂದರೆ ಒಳಗಿನ ಎಣ್ಣೆ ಕೆಟ್ಟಿದೆ, ಅಂಥದ್ದರ ಮೇಲೆ ಹೆಚ್ಚು ಆಸೆ ಇಡಬೇಡ.

ಮುಂದಿನ ಸಲ ಬೀಜ ಇಡುವಾಗ ಕಾಯಿ ಬಳ್ಳಿಯಲ್ಲೇ ಬಲಿತು, ತೊಟ್ಟು ಒಣಗಿದ ಮೇಲೆ ಕೊಯ್ದು, ಒಂದು ತಿಂಗಳಾದರೂ ಅಟ್ಟದಲ್ಲಿಟ್ಟು, ಆಮೇಲೆ ಒಡೆಯಬೇಕು. ಹುಳಿಗೆಂದು ಎಳೆಯದರಲ್ಲೇ ಕೊಯ್ದ ಕಾಯಿಯ ಬೀಜವನ್ನು ಎಷ್ಟು ಬೂದಿ ಹಚ್ಚಿದರೂ ಉಳಿಸಲಾಗದು.

ಉತ್ತರ 3: ತುಮಕೂರಿನಿಂದ

ಒಂದು ಮಾತನ್ನು ಸೇರಿಸುತ್ತೇನೆ. ಮೊಳಕೆ ಪರೀಕ್ಷೆ ಬೀಜ ಬದುಕಿದೆಯೇ ಎಂಬುದನ್ನು ತೋರಿಸುತ್ತದೆಯೇ ಹೊರತು ಅದೇ ತಳಿಯೇ ಎಂಬುದನ್ನಲ್ಲ. ಕುಂಬಳದ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆಯಾಗಿದ್ದು ಪರಾಗವನ್ನು ಜೇನು ಹೊತ್ತು ತರುವುದರಿಂದ, ಆ ವರ್ಷ ನೆರೆಯವರು ಬೇರೆ ಸಿಹಿಗುಂಬಳ ಬೆಳೆದಿದ್ದರೆ ಬೆರಕೆಯಾಗಿರಬಹುದು. ಬೂದುಗುಂಬಳ ಪಕ್ಕದಲ್ಲಿದ್ದರೆ ಚಿಂತೆಯಿಲ್ಲ, ಅದು ಬೇರೆಯೇ ಕುಲದ ಬಳ್ಳಿ, ಇದರೊಡನೆ ಕೂಡುವುದಿಲ್ಲ. ಈ ಸಲ ಒಂದೆರಡು ಹೆಣ್ಣು ಮೊಗ್ಗುಗಳನ್ನು ಅರಳುವ ಹಿಂದಿನ ಸಂಜೆಯೇ ದಾರದಿಂದ ಕಟ್ಟಿ, ಜೊತೆಗೆ ಗಂಡು ಮೊಗ್ಗುಗಳನ್ನೂ ಕಟ್ಟಿಟ್ಟು, ಬೆಳಿಗ್ಗೆ ನೀವೇ ಪರಾಗ ಮುಟ್ಟಿಸಿ ಮತ್ತೆ ಕಟ್ಟಿಬಿಡಿ.

ಪ್ರಶ್ನೆ ಕೇಳಿದವರಿಂದ, ಒಂಬತ್ತು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಬಾಟಲಿಯ ಬೀಜ ಪಟ್ಟನೆ ಮುರಿಯಿತು. ಸುರುಳಿಗಳನ್ನು ಬಚ್ಚಲ ಗೂಡಿನಲ್ಲಿಟ್ಟಿದ್ದೆ. ಮೂರನೆಯ ದಿನ ಏನೂ ಕಾಣದೆ ಗಾಬರಿಯಾಯಿತು, ಐದನೆಯ ದಿನದಿಂದ ಒಂದೊಂದಾಗಿ ಬೇರು ಬಿಟ್ಟವು. ಮುಳುಗಿದ 7ರಲ್ಲಿ 6, ತೇಲಿದ 13ರಲ್ಲಿ 9 ಸರಿಯಾಗಿ ಮೊಳೆತಿವೆ. ಉಳಿದ ಐದರಲ್ಲಿ ಎರಡು ಮೂಗು ಚಾಚಿ ಕಂದಾಗಿ ನಿಂತವು, ಅವನ್ನು ಲೆಕ್ಕಕ್ಕೆ ಹಿಡಿದಿಲ್ಲ. ತೇಲಿದವನ್ನು ಅಂದೇ ಎಸೆದಿದ್ದರೆ ಮೊಳೆತ 15ರಲ್ಲಿ 9 ಗೊಬ್ಬರಗುಂಡಿ ಸೇರುತ್ತಿದ್ದವು. ಇನ್ನು ಗುಣಿಗೆ ಎಷ್ಟು ಬೀಜ ಹಾಕಲಿ? ಮೊಳೆತವನ್ನು ಏನು ಮಾಡಲಿ?

ಉತ್ತರ 1ರವರಿಂದ

20ಕ್ಕೆ 15 ಎಂದರೆ ಶೇಕಡಾ 75, ಮೂರು ವರ್ಷದ ಬೀಜಕ್ಕೆ ಬಹಳ ಒಳ್ಳೆಯದು. ನೆಲದಲ್ಲಿ ಬಟ್ಟೆಯಲ್ಲಿದ್ದಷ್ಟು ಅನುಕೂಲ ಇರದ ಕಾರಣ ಅರ್ಧದಷ್ಟೇ ಏಳುತ್ತವೆ ಎಂದುಕೊಂಡರೂ, ಗುಣಿಗೆ 3 ಬೀಜ ಹಾಕಿದರೆ ಎಂಟು ಗುಣಿಗಳಲ್ಲಿ ಸರಾಸರಿ ಒಂದು ಮಾತ್ರ ಖಾಲಿ ಉಳಿಯುತ್ತದೆ. ಎರಡು ಬೆರಳಗಲದ ಆಳಕ್ಕೆ ಬೀಜವನ್ನು ಮಲಗಿಸಿ ಊರಿ. ಮೊಳೆತವನ್ನು ಇಂದೇ ಮಣ್ಣು ತುಂಬಿದ ಚೀಲಗಳಿಗೆ ಒಂದೊಂದಾಗಿ ಇಳಿಸಿ, ಬೇರಿನ ತುದಿ ಮುರಿಯದಂತೆ ಬೀಜದ ಸಿಪ್ಪೆಯನ್ನೇ ಹಿಡಿದೆತ್ತಿರಿ. ಬಾಟಲಿಯಲ್ಲಿರುವ ನೂರರಲ್ಲಿ ಅರ್ಧವನ್ನು ಈ ವರ್ಷ ಮುಟ್ಟಬೇಡಿ, ಮಳೆ ಕೈಕೊಟ್ಟರೆ ಮುಂದಿನ ವರ್ಷಕ್ಕೆ ಬೀಜ ಇರಬೇಕಲ್ಲ.