ಅಲೆಯಲ್ಲಿ 20 ನಿಮಿಷಕ್ಕೆ ಎಂಜಿನ್ ನಿಲ್ಲುತ್ತದೆ, ಡೀಸೆಲ್ ಫಿಲ್ಟರ್ ಹೊಸದು. ಎಲ್ಲಿ ಹುಡುಕಲಿ?

ಸೊಲೆಂಟ್‌ಹಾಯಿ:
28 ಅಡಿಯ ಹಾಯಿದೋಣಿ, ಯಾನ್ಮಾರ್ 2ಜಿಎಂ20 ಎಂಜಿನ್, 60 ಲೀಟರಿನ ಸ್ಟೀಲ್ ಟ್ಯಾಂಕ್. ಓಡಾಟ ಇಂಗ್ಲೆಂಡಿನ ದಕ್ಷಿಣ ತೀರದ ಸೊಲೆಂಟ್ ಜಲಸಂಧಿಯಲ್ಲಿ. ಟ್ಯಾಂಕಿಗೂ ಲಿಫ್ಟ್ ಪಂಪಿಗೂ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪಂಪ್) ನಡುವೆ ರೇಕಾರ್ 500 (ಅಡಿಯಲ್ಲಿ ನೀರು ಬೇರ್ಪಡಿಸುವ ಬಟ್ಟಲಿರುವ ಫಿಲ್ಟರ್), ಅದರಲ್ಲಿ 2 ಮೈಕ್ರಾನ್ ಎಲಿಮೆಂಟ್ (ಸೋಸುವ ಒಳಭಾಗ; ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಎಂಜಿನ್ ಮೇಲೆ ಅದರದೇ ಸಣ್ಣ ಫಿಲ್ಟರ್. ಮರೀನಾದೊಳಗೆ ಗಂಟೆಗಟ್ಟಲೆ ಓಡಿದರೂ ತಕರಾರಿಲ್ಲ. ಹೊರಗೆ ಅಲೆಯಲ್ಲಿ 20 ನಿಮಿಷ ಆಗುತ್ತಲೇ ಆರ್‌ಪಿಎಂ ನಿಧಾನವಾಗಿ ಇಳಿದು ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಹಿಡಿಯುತ್ತದೆ. ಎರಡೂ ಎಲಿಮೆಂಟ್ ಬದಲಾಯಿಸಿ ಒಂದು ತಿಂಗಳೂ ಆಗಿಲ್ಲ. ಮತ್ತೆ ಬದಲಾಯಿಸಬೇಕೇ? 10 ಮೈಕ್ರಾನ್ ಹಾಕಿದರೆ ಸರಿಹೋಗುತ್ತದೆಯೇ?

ಪಡುವಣಗಾಳಿ:
ಸದ್ಯಕ್ಕೆ ಎಲಿಮೆಂಟ್ ಮುಟ್ಟಬೇಡಿ. ರೇಕಾರ್ 500 ಗಂಟೆಗೆ 227 ಲೀಟರ್ ಹರಿವಿಗೆ ಮಾಡಿದ್ದು, ನಿಮ್ಮ ಎಂಜಿನ್ ಕುಡಿಯುವುದು ಗಂಟೆಗೆ ಹೆಚ್ಚುಕಡಿಮೆ 2 ಲೀಟರ್. ಅಷ್ಟು ದೊಡ್ಡ ಫಿಲ್ಟರ್ ತಿಂಗಳೊಳಗೆ ಕಟ್ಟಿಕೊಂಡಿದ್ದರೆ ಟ್ಯಾಂಕ್ ತುಂಬ ಕೊಳಕಾಗಿರಬೇಕು. ಕಟ್ಟಿಕೊಂಡಿಲ್ಲದಿದ್ದರೆ ತೊಂದರೆ ಫಿಲ್ಟರಿಗಿಂತ ಹಿಂದೆ, ಟ್ಯಾಂಕಿನ ಕಡೆ ಇದೆ.

ಎಂಜಿನ್ ನಿಲ್ಲುವ ರೀತಿಯನ್ನು ಗಮನಿಸಿ. ಗಾಳಿ ಸೇರಿದ್ದರೆ ಆರ್‌ಪಿಎಂ ಏರಿಳಿದು ತಡವರಿಸಿ ನಿಲ್ಲುತ್ತದೆ, ಗಾಳಿ ತೆಗೆಯದೆ ಮತ್ತೆ ಸುಲಭಕ್ಕೆ ಹಿಡಿಯುವುದಿಲ್ಲ. ನೀವು ಹೇಳಿದಂತೆ ನಿಧಾನವಾಗಿ ಇಳಿದು, ವಿಶ್ರಾಂತಿ ಕೊಟ್ಟರೆ ಹಿಡಿಯುವುದು ಅಡಚಣೆಯ ಲಕ್ಷಣ. ಅಲೆ ಟ್ಯಾಂಕಿನ ತಳದ ಗಸಿಯನ್ನು ಕದಡುತ್ತದೆ, ಅದು ಹೀರು ಕೊಳವೆಯ ಬಾಯಿಗೆ ಅಂಟುತ್ತದೆ. ಎಂಜಿನ್ ನಿಂತು ಎಳೆತ ಹೋದಾಗ ಕಳಚಿ ಬೀಳುತ್ತದೆ. ಮರೀನಾದಲ್ಲಿ ಏನೂ ಆಗದಿರುವುದು ಇದಕ್ಕೇ.

ಮೊದಲು ಖರ್ಚಿಲ್ಲದ ಪರೀಕ್ಷೆ. ಆರ್‌ಪಿಎಂ ಇಳಿಯಲು ಶುರುವಾದಾಗ ಡೆಕ್ಕಿನ ಡೀಸೆಲ್ ಮುಚ್ಚಳ ಸಡಿಲಿಸಿ. ಸುಯ್ಯೆಂದು ಗಾಳಿ ಒಳಗೆ ನುಗ್ಗಿ ಎಂಜಿನ್ ಚೇತರಿಸಿಕೊಂಡರೆ ಟ್ಯಾಂಕಿನ ವೆಂಟ್ (ಗಾಳಿ ಆಡುವ ಕೊಳವೆ) ಕಟ್ಟಿದೆ. ಉಪ್ಪು ಕಟ್ಟುವುದೂ, ಹುಳ ಗೂಡು ಮಾಡುವುದೂ ಅಪರೂಪವಲ್ಲ.

ಆಮೇಲೆ ರೇಕಾರ್‌ಗೂ ಲಿಫ್ಟ್ ಪಂಪಿಗೂ ನಡುವೆ ವ್ಯಾಕ್ಯೂಮ್ ಗೇಜ್ (ಎಳೆತ ಎಷ್ಟಿದೆ ಎಂದು ತೋರಿಸುವ ಮಾಪಕ) ಹಾಕಿಸಿ. ಎಲ್ಲ ಚೊಕ್ಕವಾಗಿದ್ದರೆ ಮುಳ್ಳು ಪಾದರಸದ 0–2 ಇಂಚಿನಲ್ಲಿ ನಿಲ್ಲುತ್ತದೆ. 5 ದಾಟಿದರೆ ಎಲಿಮೆಂಟ್ ಕೈಗೆ ತೆಗೆದುಕೊಳ್ಳಿ. ಹೊಸ ಎಲಿಮೆಂಟ್ ಇದ್ದೂ ಮುಳ್ಳು ಏರಿದರೆ ಹೀರು ಕೊಳವೆ, ಟ್ಯಾಂಕ್ ವಾಲ್ವ್, ಮಡಚಿದ ಹೋಸ್, ಈ ಮೂರರಲ್ಲಿ ಒಂದು. ಮುಳ್ಳು ಸೊನ್ನೆಯಲ್ಲೇ ಇದ್ದು ಎಂಜಿನ್ ನಿಂತರೆ ಎಲ್ಲೋ ಗಾಳಿ ಎಳೆಯುತ್ತಿದೆ. ಎಳೆತದ ಬದಿಯ ಸೋರಿಕೆಯಲ್ಲಿ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒದ್ದೆ ಹುಡುಕಿಕೊಂಡು ಕೂತರೆ ಸಿಗದು.

ದಕ್ಕೆ_ಡೀಸೆಲ್:
ಮೇಲಿನದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮೈಕ್ರಾನ್ ವಿಷಯಕ್ಕೆ ಬರುತ್ತೇನೆ.

ರೇಕಾರ್ 500ಕ್ಕೆ ಹಾಕುವ 2010 ಎಲಿಮೆಂಟಿನಲ್ಲಿ ಕಂದು 2 ಮೈಕ್ರಾನ್, ನೀಲಿ 10, ಕೆಂಪು 30. ಮೊದಲ ಫಿಲ್ಟರಿಗೇ 2 ಹಾಕಿದರೆ ಎಲ್ಲ ಕೆಲಸ ಅದೇ ಮಾಡುತ್ತದೆ, ಬೇಗ ಕಟ್ಟುತ್ತದೆ, ಎಂಜಿನ್ ಮೇಲಿನ ಫಿಲ್ಟರ್ ಸುಮ್ಮನೆ ಕೂರುತ್ತದೆ. ಮಲ್ಪೆ, ಮಂಗಳೂರು ದಕ್ಕೆಯ ಬೋಟುಗಳಲ್ಲಿ ಜೋಡಿ ಬಟ್ಟಲಿನ ಫಿಲ್ಟರ್ ನೋಡಿದವರಿಗೆ ಇದು ಹೊಸತಲ್ಲ: ಮೊದಲು ಬಟ್ಟೆಯದು, ಆಮೇಲೆ ಕಾಗದದ್ದು. ಒರಟು ಮೊದಲು, ನಯ ಆಮೇಲೆ. ನಿಮಗೆ ನೀಲಿ 10 ಸರಿ. ಹಾಗಂತ ಈಗಿನ ರೋಗಕ್ಕೆ ಅದು ಮದ್ದಲ್ಲ.

ಬಟ್ಟಲಿನ ಕೆಳಗಿನ ಡ್ರೈನ್ ತೆರೆದು ಒಂದು ಲೋಟ ಗಾಜಿನ ಸೀಸೆಗೆ ಹಿಡಿಯಿರಿ. ರಾತ್ರಿಯಿಡೀ ನಿಂತ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಹಿಡಿಯಬೇಕು. ನೀರು ಅಡಿಯಲ್ಲಿ ಬೇರೆಯಾಗಿ ಕೂರುತ್ತದೆ. ಎರಡರ ಗಡಿಯಲ್ಲಿ ಕಪ್ಪು ಲೋಳೆ ಕಂಡರೆ ಅದು ಶಿಲೀಂಧ್ರ, ನೀರು ಡೀಸೆಲ್ ಸೇರುವ ಗೆರೆಯಲ್ಲೇ ಬೆಳೆಯುತ್ತದೆ. ಯುರೋಪಿನ ಸಾಮಾನ್ಯ ಡೀಸೆಲ್‌ನಲ್ಲಿ ಶೇ. 7ರ ತನಕ ಜೈವಿಕ ಡೀಸೆಲ್ ಇರಬಹುದು, ಅದು ನೀರನ್ನು ಹೆಚ್ಚು ಹಿಡಿದಿಡುತ್ತದೆ. ಲೋಳೆ ಇದ್ದರೆ ಬಯೋಸೈಡ್ (ಅದನ್ನು ಕೊಲ್ಲುವ ಔಷಧ) ಹಾಕಿ, ಆದರೆ ಹಾಕಿ ಮರೆಯಬೇಡಿ. ಸತ್ತ ಲೋಳೆ ಮಾಯವಾಗುವುದಿಲ್ಲ, ಪದರ ಪದರವಾಗಿ ಕಳಚಿ ಫಿಲ್ಟರಿಗೇ ಬರುತ್ತದೆ. ಮುಂದಿನ ಕೆಲವು ಯಾನಕ್ಕೆ ನಾಲ್ಕಾದರೂ ಎಲಿಮೆಂಟ್ ದೋಣಿಯಲ್ಲಿರಲಿ. ನೀರನ್ನು ಡೀಸೆಲ್‌ನಲ್ಲಿ ಕಲಸಿಬಿಡುವ ಅಡಿಟಿವ್ ಮಾತ್ರ ಬೇಡವೇ ಬೇಡ. ಕಲಸಿದ ನೀರನ್ನು ಬಟ್ಟಲು ಬೇರ್ಪಡಿಸಲಾರದು, ಅದು ನೇರ ಇಂಜೆಕ್ಷನ್ ಪಂಪಿಗೆ ಹೋಗುತ್ತದೆ.

ನಿಜವಾದ ಪರಿಹಾರ ಟ್ಯಾಂಕಿನ ಕೈಬಾಯಿ (ಕೈ ಹಾಕಿ ತೊಳೆಯುವ ಮುಚ್ಚಳದ ಕಿಂಡಿ) ತೆರೆದು ತಳ ಒರೆಸುವುದು. ಕೈಬಾಯಿ ಇಲ್ಲದಿದ್ದರೆ ಮಾಡಿಸಿ.

ಸೊಲೆಂಟ್‌ಹಾಯಿ:
ಸೀಸೆಯಲ್ಲಿ ನೀರು ಎರಡು ಚಮಚೆಯಷ್ಟು, ಕಪ್ಪು ಚೂರುಗಳೂ ಇವೆ. ಟ್ಯಾಂಕ್ ಬಿಚ್ಚುವ ಮೊದಲು ಹೀರು ಕೊಳವೆ ಕಟ್ಟಿದೆಯೋ ಎಂದು ತಿಳಿಯಬಹುದೇ? ರೇಕಾರ್ ತೆರೆದ ಮೇಲೆ ಗಾಳಿ ತೆಗೆಯುವ ಕ್ರಮವನ್ನೂ ಯಾರಾದರೂ ಹೇಳಿ.

ಪಡುವಣಗಾಳಿ:
ರೇಕಾರ್‌ಗೆ ಬರುವ ಹೋಸ್ ಕಳಚಿ, ಟ್ಯಾಂಕಿನ ಕಡೆಗೆ ಕಾಲುಪಂಪಿನಿಂದ ಮೆಲ್ಲಗೆ ಊದಿ, ಡೆಕ್ಕಿನ ಮುಚ್ಚಳ ತೆರೆದಿರಲಿ. ಸಲೀಸಾಗಿ ಗುಳುಗುಳು ಕೇಳಿಸಬೇಕು. ಮೊದಲು ಬಿಗಿಯಾಗಿ, ಆಮೇಲೆ ಒಮ್ಮೆಲೇ ಸಡಿಲವಾದರೆ ಕಟ್ಟಿದ್ದು ಅಲ್ಲೇ. ಕಂಪ್ರೆಸರ್ ಬೇಡ, ಟ್ಯಾಂಕಿನ ಬೆಸುಗೆ ಬಿಡಬಹುದು. ಇದು ತಾತ್ಕಾಲಿಕ, ಊದಿದ ಕಸ ಟ್ಯಾಂಕಿನಲ್ಲೇ ಇರುತ್ತದೆ. ಕೊಳವೆಯ ತುದಿಯಲ್ಲಿ ಸಣ್ಣ ಜಾಲರಿ ಇದ್ದರೆ ತೆಗೆದುಹಾಕಿ. ಕಸ ಹಿಡಿಯಬೇಕಾದ್ದು ಕೈಗೆಟುಕುವ ಫಿಲ್ಟರ್, ಟ್ಯಾಂಕಿನ ತಳದ ಜಾಲರಿಯಲ್ಲ.

ದಕ್ಕೆ_ಡೀಸೆಲ್:
ಗಾಳಿ ತೆಗೆಯುವ ಕ್ರಮ. ಟ್ಯಾಂಕ್ ವಾಲ್ವ್ ಮುಚ್ಚಿ, ಬಟ್ಟಲಿನ ನೀರು ಕಸ ಇಳಿಸಿ, ರೇಕಾರ್ ತಲೆಯ ಟಿ ಹಿಡಿ ಬಿಚ್ಚಿ, ಎಲಿಮೆಂಟನ್ನು ಮೆಲ್ಲಗೆ ತಿರುಗಿಸುತ್ತ ಎತ್ತಿ. ಹೊಸ ಎಲಿಮೆಂಟಿನ ಜೊತೆ ಮುಚ್ಚಳದ ಗ್ಯಾಸ್ಕೆಟ್ ಮತ್ತು ಹಿಡಿಯ ಓ ರಿಂಗ್ ಬರುತ್ತವೆ. ಎರಡನ್ನೂ ಬದಲಾಯಿಸಿ, ಡೀಸೆಲ್ ಸವರಿ ಕೂರಿಸಿ. ಹಳೇ ಓ ರಿಂಗ್ ಬಿಟ್ಟರೆ ಗಾಳಿ ಎಳೆಯುವ ಮೊದಲ ಜಾಗ ಅದೇ. ಚೊಕ್ಕ ಡೀಸೆಲ್ ತುಂಬಿಸಿ, ಮುಚ್ಚಳ ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರ್ ಹಾಕಬೇಡಿ.

ವಾಲ್ವ್ ತೆರೆಯಿರಿ. ಎಂಜಿನ್ ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ತಿರುಪು) ಎರಡು ಸುತ್ತು ಸಡಿಲಿಸಿ, ಲಿಫ್ಟ್ ಪಂಪಿನ ಕೈಸನ್ನೆ (ಕೈಯಿಂದ ಒತ್ತುವ ಲಿವರ್) ಒತ್ತುತ್ತಿರಿ. ಸನ್ನೆಗೆ ಬಿಗುವೇ ಸಿಗದಿದ್ದರೆ ಪಂಪ್ ಕೆಟ್ಟಿರಲಿಕ್ಕಿಲ್ಲ, ಪಂಪನ್ನು ನಡೆಸುವ ಕ್ಯಾಮ್ ಅದನ್ನು ಎತ್ತಿ ಹಿಡಿದಿರಬಹುದು. ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿ. ಗುಳ್ಳೆಯಿಲ್ಲದ ಡೀಸೆಲ್ ಬಂದಾಗ ಸ್ಕ್ರೂ ಬಿಗಿ ಮಾಡಿ, ಇಂಜೆಕ್ಷನ್ ಪಂಪಿನ ಸ್ಕ್ರೂವಿಗೂ ಇದೇ. ಬರೀ ಫಿಲ್ಟರ್ ಬದಲಾಯಿಸಿದಾಗ ಇಷ್ಟೇ ಸಾಕು, ಇಂಜೆಕ್ಟರ್ ನಟ್ ಬಿಚ್ಚುವ ಪ್ರಸಂಗ ಅಪರೂಪ. ಬಿಚ್ಚಿದರೂ ಅಲ್ಲಿಂದ ಚಿಮ್ಮುವ ಡೀಸೆಲ್‌ಗೆ ಬೆರಳು ಒಡ್ಡಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ಹೋಗುತ್ತದೆ.

ಇನ್ನೊಂದು ಮಾತು, ಎಂಜಿನ್ ಹಾಳಾಗುವುದು ಬಹಳ ಸಲ ಇಲ್ಲೇ. ಹಿಡಿಯದೆ ಸ್ಟಾರ್ಟರ್ ತಿರುಗಿಸುತ್ತಲೇ ಇದ್ದರೆ ಎಂಜಿನ್ ತಂಪಾಗಿಸುವ ಸಮುದ್ರನೀರು ಪಂಪ್ ಆಗಿ ಎಕ್ಸಾಸ್ಟಿನ ಮಫ್ಲರ್ ತುಂಬುತ್ತದೆ, ಹೊರದೂಡಲು ಹೊಗೆಯ ಒತ್ತಡ ಇರುವುದಿಲ್ಲ, ನೀರು ಸಿಲಿಂಡರಿಗೆ ಹಿಂದಿರುಗುತ್ತದೆ. ಹಾಗಾಗಿ ಗಾಳಿ ತೆಗೆದ ಮೇಲಿನ ಮೊದಲ ಸ್ಟಾರ್ಟಿಗೆ ನೀರಿನ ಸೀಕಾಕ್ (ಸಮುದ್ರನೀರು ಒಳಬರುವ ವಾಲ್ವ್) ಮುಚ್ಚಿ, 10 ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿ, ಹಿಡಿದ ತಕ್ಷಣ ತೆರೆಯಿರಿ. ತಡವಾದರೆ ನೀರಿನ ಪಂಪಿನ ರಬ್ಬರ್ ಚಕ್ರ, ಇಂಪೆಲ್ಲರ್, ಒಣಗಿ ಹರಿಯುತ್ತದೆ. ಮರೆಯದಿರಲು ಥ್ರಾಟಲ್ ಹಿಡಿಗೆ ಒಂದು ಬಟ್ಟೆ ಕಟ್ಟಿಡಿ, ಸೀಕಾಕ್ ತೆರೆದು ಎಕ್ಸಾಸ್ಟಿನಲ್ಲಿ ನೀರು ಬಂದ ಮೇಲೇ ಅದನ್ನು ಬಿಚ್ಚಿ.