ಅಣ್ಣನಿಗೆ ಗಂಜಿಯೂ ಇಳಿಯುತ್ತಿಲ್ಲ ಅಂದೆಯಲ್ಲ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ಕೆಲಸವೆಲ್ಲ ಮುಗಿಸಿ ಈಗ ಕೂತಿದ್ದೇನೆ. ಉದ್ದವಾಗುತ್ತದೆ, ಅತ್ತಿಗೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳು.

ಅಣ್ಣನಿಗೆ, ಅಂದರೆ ನಿನ್ನ ಅಪ್ಪನಿಗೆ, ಕೆನ್ನೆ ಒಳಗಿನ ಕ್ಯಾನ್ಸರ್ ಗಡ್ಡೆ ತೆಗೆದು, ಆಮೇಲೆ ಕೊಟ್ಟ ರೇಡಿಯೇಷನ್ನೂ ಮುಗಿದು ಒಂದು ವಾರವಾಯಿತು. ಆದರೂ ನೋವು ಮೊದಲಿಗಿಂತ ಜಾಸ್ತಿ, ಬಾಯೆಲ್ಲ ಹುಣ್ಣು, ಗಂಜಿಯೂ ಇಳಿಯುತ್ತಿಲ್ಲ, ಹಾಗಾದರೆ ಟ್ರೀಟ್‌ಮೆಂಟ್ ಹಿಡಿಯಲಿಲ್ಲವಾ ಅಂತ ಕೇಳಿದ್ದೀಯ. ಹಾಗಲ್ಲ ಮಗಳೇ. ರೇಡಿಯೇಷನ್ ಮುಗಿದ ಮೇಲಿನ ಮೊದಲ ಒಂದೆರಡು ವಾರವೇ ಎಲ್ಲಕ್ಕಿಂತ ಕಷ್ಟದ ಕಾಲ. ಫೈಲಿನಲ್ಲಿ 60 ಗ್ರೇ, 30 ಫ್ರಾಕ್ಷನ್ ಅಂತ ಬರೆದಿದೆಯಲ್ಲ, ಗ್ರೇ ಅಂದರೆ ರೇಡಿಯೇಷನ್ನಿನ ಅಳತೆ, ಫ್ರಾಕ್ಷನ್ ಅಂದರೆ ಒಂದು ಸಲ ಕೊಡುವುದು. ಹಾಗಾಗಿ ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನದ ಹಾಗೆ ಆರು ವಾರ. ಬಾಯೊಳಗಿನ ಚರ್ಮ ದಿನವೂ ಸವೆದು ದಿನವೂ ಹೊಸದಾಗಿ ಬೆಳೆಯುವಂಥದ್ದು. ರೇಡಿಯೇಷನ್ ಆ ಹೊಸ ಚರ್ಮ ಬೆಳೆಯುವುದನ್ನೇ ತಡೆದುಬಿಡುತ್ತದೆ. ಮೆಷಿನ್ ನಿಂತ ದಿನವೇ ಆ ಪರಿಣಾಮ ನಿಲ್ಲುವುದಿಲ್ಲ. ನಿಮ್ಮ ಮಾವನಿಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಬಂದಿತ್ತು, ಕೀಮೊ ಜೊತೆಗೆ 70 ಗ್ರೇ ಕೊಟ್ಟಿದ್ದರು. ಅವರಿಗೂ ಮುಗಿದ ಮೇಲೆಯೇ ಜಾಸ್ತಿಯಾಯಿತು. ಆಮೇಲೆ ನಿಧಾನವಾಗಿ ಇಳಿಯಿತು. ಹುಣ್ಣು ಸಾಮಾನ್ಯವಾಗಿ ಒಂದೂವರೆ ತಿಂಗಳೊಳಗೆ ಮಾಯುತ್ತದೆ. ಕುತ್ತಿಗೆಯ ಮೇಲಿನ ಕಪ್ಪಾದ, ಸುಲಿದ ಚರ್ಮ ಅದಕ್ಕಿಂತ ಬೇಗ ಸರಿಹೋಗುತ್ತದೆ.

ದೊಡ್ಡಣ್ಣ ಈಗಲೇ ಪೆಟ್ ಸ್ಕ್ಯಾನ್ (ಕ್ಯಾನ್ಸರ್ ಉಳಿದಿದೆಯಾ ಅಂತ ನೋಡುವ ಸ್ಕ್ಯಾನ್) ಮಾಡಿಸಿ ನೋಡಿಬಿಡೋಣ ಅಂದರು. ಅವರ ಆತಂಕ ಅರ್ಥವಾಗುತ್ತದೆ. ಆದರೆ ಸುಮಾರು 12 ವಾರ ಕಳೆಯುವ ಮೊದಲು ಮಾಡಿಸಿದರೆ, ಮಾಯುತ್ತಿರುವ ಜಾಗವೂ ಸ್ಕ್ಯಾನಿನಲ್ಲಿ ಗಡ್ಡೆಯ ಹಾಗೇ ಹೊಳೆಯಬಹುದು. ಸುಮ್ನೆ ಎಲ್ಲರೂ ಹೆದರಬೇಕಾಗುತ್ತದೆ. ಸ್ಕ್ಯಾನ್ ಬೇಕಾ, ಯಾವಾಗ ಅಂತ ಡಾಕ್ಟರೇ ಹೇಳುತ್ತಾರೆ.

ಈಗ ನೋವಿನ ಮಾತು. ನೋವು ತಡೆಯಲಾಗದಷ್ಟು ಆದಾಗ ಮಾತ್ರ ಮಾತ್ರೆ ಕೊಡುತ್ತಿದ್ದೇವೆ ಅಂದೆ. ಹಾಗೆ ಬೇಡ. ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಕೊಡಿ, ಒಂದು ಡೋಸು ಊಟಕ್ಕೆ ಅರ್ಧ ಗಂಟೆ ಮೊದಲು ಬರುವ ಹಾಗೆ ಹೊಂದಿಸಿಕೊಳ್ಳಲು ಆಗುತ್ತದಾ ಅಂತ ಡಾಕ್ಟರನ್ನು ಕೇಳಿ. ಮಾರ್ಫಿನ್ ಬರೆದುಕೊಟ್ಟರೆ ಅತ್ತಿಗೆ ಹೆದರುವುದು ಬೇಡ. ಇಂಥ ನೋವಿಗೇ ಇರುವ ಔಷಧಿ ಅದು. ಹೇಳಿದ ಅಳತೆಯಲ್ಲಿ ಕೊಟ್ಟು, ಗಾಯ ಮಾಯುತ್ತ ಬಂದ ಹಾಗೆ ಅವರೇ ಕಡಿಮೆ ಮಾಡಿಸುತ್ತಾರೆ. ಮಲಬದ್ಧತೆ ಮಾತ್ರ ಆಗೇ ಆಗುತ್ತದೆ, ಅದಕ್ಕೆ ಬೇರೆ ಔಷಧಿ ಜೊತೆಯಲ್ಲೇ ಕೇಳಿ ತೆಗೆದುಕೊಳ್ಳಿ.

ಬಾಯಿ ಮುಕ್ಕಳಿಸಲು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ. ಎಚ್ಚರ ಇರುವಷ್ಟು ಹೊತ್ತು ಎರಡು ಮೂರು ಗಂಟೆಗೊಮ್ಮೆ, ಮತ್ತೆ ಊಟಕ್ಕೆ ಮುಂಚೆ, ಊಟ ಆದಮೇಲೆ. ದಿನವೂ ಹೊಸದಾಗಿ ಕಲಸಿಕೊಳ್ಳಿ. ಆ ದಾರ ದಾರದ ಹಾಗೆ ಎಳೆಯುವ ಗಟ್ಟಿ ಉಗುಳು ಇದೆಯಲ್ಲ, ಅದು ಇದರಿಂದ ಸ್ವಲ್ಪ ಸಡಿಲವಾಗುತ್ತದೆ. ಅಂಗಡಿಯ ಖಾರದ ಮೌತ್‌ವಾಶ್ ಬೇಡ, ಆಲ್ಕೋಹಾಲ್ ಇದ್ದರೆ ಉರಿ ಜಾಸ್ತಿ. ನಾಲಿಗೆ ಮೇಲೆ ಮೊಸರು ಕೆನೆಯಂಥ ಬಿಳಿ ಪದರ ಕಂಡರೆ ಫೋಟೊ ತೆಗೆದು ಆಸ್ಪತ್ರೆಗೆ ತೋರಿಸಿ. ಅದು ಫಂಗಸ್ ಇರಬಹುದು, ಔಷಧಿ ಹಾಕದೆ ಹೋಗುವುದಿಲ್ಲ.

ನಾನು ಇಷ್ಟು ಹೊತ್ತು ಕೂತು ಹೇಳಬೇಕು ಅಂದುಕೊಂಡ ಮುಖ್ಯ ವಿಷಯ ಇನ್ನು ಬರುತ್ತದೆ. ನುಂಗುವುದನ್ನು ನಿಲ್ಲಿಸಬಾರದು, ಬಾಯಿ ತೆರೆಯುವುದನ್ನು ನಿಲ್ಲಿಸಬಾರದು. ಹುಣ್ಣು ಹೇಗಾದರೂ ಮಾಯುತ್ತದೆ. ಆದರೆ ನೋವಿದೆ ಅಂತ ಗಂಟಲಿಗೆ ವಾರಗಟ್ಟಲೆ ಕೆಲಸವೇ ಕೊಡದೆ ಇದ್ದರೆ ಅಲ್ಲಿನ ಸ್ನಾಯು ಬಲ ಕಳೆದುಕೊಳ್ಳುತ್ತದೆ, ಬಿಗಿದುಕೊಳ್ಳುತ್ತದೆ. ಆಮೇಲೆ ಹುಣ್ಣು ಹೋದರೂ ಅನ್ನ ಇಳಿಯುವುದಿಲ್ಲ.

ಡಾಕ್ಟರು ಮೂಗಿನಲ್ಲಿ ರೈಲ್ಸ್ ಟ್ಯೂಬ್, ಅಂದರೆ ಹೊಟ್ಟೆಗೆ ನೇರ ಆಹಾರ ಕೊಡುವ ಪೈಪ್, ಹಾಕೋಣ ಅಂದಾಗ ಅಣ್ಣ ಬೇಡ ಅಂದನಂತೆ. ಪೈಪ್ ಹಾಕಿದರೆ ಮುಗಿಯಿತು ಅಂತ ಅವನ ಮನಸ್ಸಿನಲ್ಲಿದೆ. ದಯವಿಟ್ಟು ಅವನಿಗೆ ತಿಳಿಸಿ ಹೇಳು. ನಿಮ್ಮ ಮಾವನಿಗೂ ಹಾಕಿದ್ದರು, ತೆಗೆದೂ ಆಯಿತು. ಗಾಯ ಮಾಯಬೇಕಾದರೆ ಮೈಗೆ ಆಹಾರ ಬೇಕು. ತೂಕ ಹೀಗೇ ಇಳಿಯಲು ಬಿಡಬಾರದು. ಪೈಪಿನಲ್ಲಿ ಕೊಡುವಾಗ ತಲೆ ಎತ್ತರಿಸಿ ಕೂರಿಸಬೇಕು, ಮುಗಿದ ಮೇಲೂ ಅರ್ಧ ಗಂಟೆಯಾದರೂ ಮಲಗಿಸಬಾರದು. ರಾಗಿ ಗಂಜಿಯನ್ನು ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಶೋಧಿಸಿ ಹಾಕಿ, ಮುಂಚೆ ಒಮ್ಮೆ ಆಮೇಲೆ ಒಮ್ಮೆ ನೀರು ಬಿಡಿ, ಇಲ್ಲದಿದ್ದರೆ ಪೈಪ್ ಕಟ್ಟಿಕೊಳ್ಳುತ್ತದೆ. ಪೈಪ್ ಇದ್ದರೂ, ಡಾಕ್ಟರು ಬೇಡ ಅನ್ನದಿದ್ದರೆ, ದಿನಕ್ಕೆ ಹಲವು ಸಲ ಒಂದೊಂದು ಗುಟುಕು ನೀರನ್ನು ಬಾಯಿಯಿಂದಲೇ ನುಂಗಬೇಕು. ಇದು ಹೊಟ್ಟೆಗಾಗಿ ಅಲ್ಲ, ಗಂಟಲಿಗಾಗಿ.

ಇದನ್ನು ಕಲಿಸುವವರು ಸ್ಪೀಚ್ ಥೆರಪಿಸ್ಟ್. ಮಾತು ಬಾರದ ಮಕ್ಕಳಿಗೆ ಮಾತ್ರ ಅವರು ಅಂತ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ, ನುಂಗುವ ತೊಂದರೆಯನ್ನೂ ಅವರೇ ನೋಡುತ್ತಾರೆ. ನಿಮ್ಮ ಆಸ್ಪತ್ರೆಯಲ್ಲೇ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮಂಡ್ಯದಿಂದ ಮೈಸೂರು ದೂರವೇನಲ್ಲ, ಇಲ್ಲಿ ಮಾನಸಗಂಗೋತ್ರಿಯಲ್ಲಿ ಸ್ಪೀಚ್ ಅಂಡ್ ಹಿಯರಿಂಗ್ ಇದೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ನಾನು ಜೊತೆಗೆ ಬರುತ್ತೇನೆ. ಜೋರು ಹಾಕಿ ನುಂಗುವುದು, ಗಲ್ಲ ಎದೆಗೆ ತಾಗಿಸಿ ನುಂಗುವುದು, ನಾಲಿಗೆ ತುದಿಯನ್ನು ಹಲ್ಲಿನ ನಡುವೆ ಹಿಡಿದು ಉಗುಳು ನುಂಗುವುದು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಾರೆ. ನಾಲಿಗೆ ಹಿಡಿದು ಮಾಡುವುದನ್ನು ಬಾಯಲ್ಲಿ ಅನ್ನ ನೀರು ಇಟ್ಟುಕೊಂಡು ಮಾಡಬಾರದು, ಬರೀ ಉಗುಳಿನಲ್ಲಿ ಮಾತ್ರ. ಅದಕ್ಕೇ ಯಾವುದು ಅಣ್ಣನಿಗೆ ಸರಿ ಅಂತ ಅವರ ಹತ್ತಿರವೇ ಕೇಳಬೇಕು, ವಿಡಿಯೊ ನೋಡಿ ಶುರು ಮಾಡುವುದು ಬೇಡ.

ಬಾಯಿ ತೆರೆಯುವುದು ಅಣ್ಣನ ವಿಷಯದಲ್ಲಿ ಇನ್ನೂ ಮುಖ್ಯ. ಕೆನ್ನೆ ಆಪರೇಷನ್ ಆಗಿದೆ, ಅದರ ಮೇಲೆ ರೇಡಿಯೇಷನ್, ಅದಕ್ಕೂ ಮೊದಲು ಇಪ್ಪತ್ತು ಮೂವತ್ತು ವರ್ಷ ಎಲೆ ಅಡಿಕೆ. ದವಡೆಯ ಸ್ನಾಯು ಗಟ್ಟಿಯಾಗುತ್ತಲೇ ಹೋಗುತ್ತದೆ. ಅದು ಇವತ್ತು ಗೊತ್ತಾಗುವುದಿಲ್ಲ, ಹುಣ್ಣು ಮಾಯ್ದು ಎಲ್ಲ ಸರಿಹೋಯಿತು ಅನ್ನುವಾಗ, ಆರು ತಿಂಗಳು ವರ್ಷದ ಹೊತ್ತಿಗೆ ಕಾಣಿಸುತ್ತದೆ. ಅವನ ತೋರು, ನಡು, ಉಂಗುರ ಈ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಲು ಆಗುತ್ತದಾ ನೋಡಿ. 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಬಿಗಿದಿದೆ ಅಂತಲೇ ಲೆಕ್ಕ. ಆಸ್ಪತ್ರೆಯಲ್ಲಿ ನಿಮ್ಮ ಮಾವನಿಗೆ ಐಸ್‌ಕ್ರೀಮ್ ಕಡ್ಡಿ ಕಲಿಸಿದ್ದರು. ಕಡ್ಡಿಗಳನ್ನು ಜೋಡಿಸಿ ಹಲ್ಲಿನ ನಡುವೆ ಇಟ್ಟು, ಸ್ವಲ್ಪ ಹೊತ್ತು ಹಿಡಿದು, ಕೆಲವು ದಿನಕ್ಕೊಂದು ಕಡ್ಡಿ ಸೇರಿಸುವುದು. ಎಳೆತ ಗೊತ್ತಾಗಬೇಕು, ಜೋರು ನೋವಾಗಬಾರದು. ಆಪರೇಷನ್ ಮಾಡಿದವರು ಸರಿ ಅಂದ ಮೇಲೆ ಶುರು ಮಾಡಿ. ನಿಮ್ಮ ಮಾವ ಇವತ್ತಿಗೂ ಟಿವಿ ನೋಡುತ್ತಾ ಮಾಡುತ್ತಾರೆ. ಕುತ್ತಿಗೆ, ಭುಜದ ವ್ಯಾಯಾಮವೂ ಹೀಗೇ. ಕುತ್ತಿಗೆಯ ಗಂಟುಗಳನ್ನು ತೆಗೆದ ಕಡೆ ಅಣ್ಣನಿಗೆ ಕೈ ಮೇಲೆತ್ತಲು ಕಷ್ಟವಾಗುತ್ತಿದ್ದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಊಟ ಅಂದರೆ ಈಗ ರುಚಿಗೆ ಅಂತ ನೋಡಬೇಡಿ. ರುಚಿ ಗೊತ್ತಾಗುವುದಿಲ್ಲ, ಮಣ್ಣು ತಿಂದ ಹಾಗಿದೆ ಅನ್ನುತ್ತಾನೆ, ಅದು ನಿಜ. ಅತ್ತಿಗೆ ತನ್ನ ಅಡುಗೆ ಸರಿಯಿಲ್ಲ ಅಂತ ಬೇಸರ ಮಾಡಿಕೊಳ್ಳದಿರಲಿ. ಒಂದೆರಡು ತಿಂಗಳ ಮೇಲೆ ನಿಧಾನವಾಗಿ ರುಚಿ ಮರಳಲು ಶುರುವಾಗುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ. ಹುಳಿ, ಖಾರ, ಬಿಸಿ ಬಿಸಿ ಬೇಡ. ಹಾಲಿನಲ್ಲಿ ನೆನೆಸಿದ ಇಡ್ಲಿ, ತುಪ್ಪ ಹಾಕಿ ಮಸೆದ ಮೆತ್ತಗಿನ ಅನ್ನ, ಹೆಸರುಬೇಳೆ ಕಟ್ಟು, ರಾಗಿ ಸರಿ, ಅರೆದ ಬಾಳೆಹಣ್ಣು, ಹಾಲಿಗೆ ಹಾಕಿ ತಿರುವಿದ ಬೆಣ್ಣೆಹಣ್ಣು, ಮೆತ್ತಗೆ ಬೇಯಿಸಿದ ಮೊಟ್ಟೆ. ಮೂರು ಹೊತ್ತು ಅಂತ ಕಾಯದೆ ಎರಡು ಗಂಟೆಗೊಮ್ಮೆ ಅರ್ಧ ಲೋಟ. ನೀರಿನಂಥ ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ತುಪ್ಪ, ಹಾಲಿನ ಪುಡಿ ಏನಾದರೂ ಸೇರಿಸಿ. ಸಕ್ಕರೆ ಕಾಯಿಲೆ ಇದ್ದರೆ ಡಯಟೀಶಿಯನ್ ಹತ್ತಿರ ಕೇಳಿ. ಮುದ್ದೆ ಯಾವಾಗ ಅಂತ ಅಣ್ಣ ಕೇಳುತ್ತಾನೆ ಅಂತ ನನಗೆ ಗೊತ್ತು. ಉಗುಳಿಲ್ಲದ ಗಂಟಲಿನಲ್ಲಿ ಮುದ್ದೆ ಅಂಟಿಕೊಳ್ಳುತ್ತದೆ. ನುಂಗುವುದನ್ನು ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವವರೆಗೆ ಬೇಡವೇ ಬೇಡ. ನಿಮ್ಮ ಮಾವ ಈಗ ಚಿಕ್ಕ ಚಿಕ್ಕ ತುತ್ತು ಮಾಡಿ, ಸಾರಿನಲ್ಲಿ ಚೆನ್ನಾಗಿ ಅದ್ದಿ ನುಂಗುತ್ತಾರೆ. ಮೊದಲ ಸಲ ನುಂಗಿದ ದಿನ ನಾವಿಬ್ಬರೂ ಅತ್ತುಬಿಟ್ಟೆವು.

ಬಾಯಿ ಒಣಗುವುದು ಮಾತ್ರ ಬಹಳ ದಿನ ಇರುತ್ತದೆ. ಉಗುಳಿನ ಗ್ರಂಥಿಗಳಿಗೂ ರೇಡಿಯೇಷನ್ ತಾಗಿರುತ್ತದೆ. ಒಂದೆರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಮೊದಲಿನಂತೆ ಆಗದೇ ಇರಬಹುದು. ನೀರಿನ ಬಾಟಲಿ ಸದಾ ಕೈಯಲ್ಲಿರಲಿ. ಉಗುಳು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತದೆ, ಅದಕ್ಕೆ ಫ್ಲೋರೈಡ್ ಜೆಲ್ ಬಗ್ಗೆ ದಂತ ವೈದ್ಯರನ್ನು ಕೇಳಿ. ಇನ್ನೊಂದು ಮಾತು ಮನೆಯವರೆಲ್ಲರಿಗೂ ನೆನಪಿರಬೇಕು: ಇನ್ನು ಮುಂದೆ ಜೀವಮಾನ ಪೂರ್ತಿ, ಹಲ್ಲು ಕೀಳಿಸುವ ಮೊದಲು ಈ ದವಡೆಗೆ ರೇಡಿಯೇಷನ್ ಆಗಿದೆ ಅಂತ ಹೇಳಲೇಬೇಕು. ಕ್ಯಾನ್ಸರ್ ಡಾಕ್ಟರನ್ನೂ ಕೇಳದೆ ಕೀಳಿಸಬಾರದು. ರೇಡಿಯೇಷನ್ ಆದ ಮೂಳೆಗೆ ರಕ್ತ ಸಂಚಾರ ಕಡಿಮೆ. ಹಲ್ಲು ಕಿತ್ತ ಗುಳಿ ಮಾಯದೆ, ಮೂಳೆಯೇ ಸಾಯುವ ಅಪಾಯ ಇದೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಕೆಲಸವೂ ಕುಗ್ಗಬಹುದು. ಅದು ಗೊತ್ತಾಗಲು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿ. ಸುಸ್ತು, ಚಳಿ ಅಂದರೆ ಬರೀ ರೇಡಿಯೇಷನ್ನಿನ ಸುಸ್ತು ಅಂತ ಸುಮ್ಮನಾಗಬೇಡಿ, ಥೈರಾಯ್ಡ್ ಇರಬಹುದು.

ಅತ್ತಿಗೆಯ ತಮ್ಮ ಕುತ್ತಿಗೆಗೆ ಅರಿಶಿನ, ನಿಂಬೆರಸ ಹಚ್ಚಿ ಅಂತ ಗ್ರೂಪಿನಲ್ಲಿ ಹಾಕಿದ್ದಾರೆ. ಅವರದು ಒಳ್ಳೆಯ ಮನಸ್ಸು. ಆದರೆ ಸುಲಿದ ಚರ್ಮಕ್ಕೆ ನಿಂಬೆರಸ ಬಿದ್ದರೆ ಅಣ್ಣ ತಡೆದುಕೊಳ್ಳಲಾರ. ಆಸ್ಪತ್ರೆಯಲ್ಲಿ ಕೊಟ್ಟ ಮುಲಾಮು ಬಿಟ್ಟು ಬೇರೆ ಏನೂ ಬೇಡ. ಉಜ್ಜಿ ಸೋಪು ಹಾಕುವುದು, ಬ್ಲೇಡಿನಲ್ಲಿ ಗಡ್ಡ ತೆಗೆಯುವುದು ಬೇಡ, ಬಿಸಿಲಿಗೆ ಹೋದರೆ ಮೆತ್ತಗಿನ ಹತ್ತಿ ಬಟ್ಟೆ ಮುಚ್ಚಿಕೊಳ್ಳಲಿ.

ಅಡಿಕೆ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಹೊಗೆಸೊಪ್ಪು ಬಿಟ್ಟರೆ ಸಾಕು, ಬರೀ ಅಡಿಕೆ ಏನೂ ಮಾಡಲ್ಲ ಅಂತ ಮನೆಗೆ ಬಂದವರು ಅಣ್ಣನ ಮುಂದೆ ಹೇಳಿದರಂತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ ಬಿಗಿಯುವುದಕ್ಕೂ ಅಡಿಕೆಯೇ ದೊಡ್ಡ ಕಾರಣ. ನೋಡಲು ಬರುವವರು ಎಲೆ ಅಡಿಕೆ ಹಾಕಿಕೊಂಡು ಬರುವುದು ಬೇಡ, ತಟ್ಟೆಯನ್ನೂ ಇಡಬೇಡಿ.

ಈಗ ಹೇಳುವುದರಲ್ಲಿ ಯಾವುದಾದರೂ ಒಂದು ಕಂಡರೂ ಗ್ರೂಪಿನಲ್ಲಿ ಕೇಳುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ. ನೀರೂ ಇಳಿಯದೇ ಇದ್ದರೆ, ಮೂತ್ರ ತೀರಾ ಕಡಿಮೆಯಾದರೆ, ಜ್ವರ ಬಂದರೆ, ಬಾಯಿಂದ ರಕ್ತ ಬಂದರೆ, ಉಸಿರಾಡಲು ಕಷ್ಟವಾದರೆ. ನೀರು ಕುಡಿದ ಕೂಡಲೇ ಕೆಮ್ಮು ಬಂದು ಧ್ವನಿ ಗೊರಗೊರ ಅಂದರೂ ಅಷ್ಟೇ. ನೀರು ಶ್ವಾಸಕೋಶಕ್ಕೆ ಹೋಗುತ್ತಿರಬಹುದು, ಅದರಿಂದ ನ್ಯುಮೋನಿಯಾ ಆಗುತ್ತದೆ.

ಅಪ್ಪ ಯಾರ ಜೊತೆಗೂ ಮಾತಾಡುತ್ತಿಲ್ಲ, ಗೋಡೆ ಕಡೆ ತಿರುಗಿ ಮಲಗುತ್ತಾರೆ ಅಂದೆಯಲ್ಲ, ಅದು ಓದಿ ನನಗೆ ಬಹಳ ಸಂಕಟವಾಯಿತು. ಊಟ ಮಾಡುವಾಗ ಬಾಯಿಂದ ಸೋರುತ್ತದೆ, ಮುಖ ಒಂದು ಕಡೆ ಎಳೆದಿದೆ, ಅದಕ್ಕೇ ನಾಚಿಕೆ. ಒತ್ತಾಯ ಮಾಡಬೇಡಿ, ಒಬ್ಬನೇ ಬಿಡಲೂ ಬೇಡಿ. ಅವನು ಗಂಜಿ ಕುಡಿಯುವಾಗ ನೀನೂ ಪಕ್ಕದಲ್ಲಿ ಒಂದು ಲೋಟ ಗಂಜಿ ಹಿಡಿದು ಕೂತುಕೋ. ವಾರ ಎರಡು ವಾರವಾದರೂ ಹೀಗೇ ಇದ್ದರೆ ಡಾಕ್ಟರಿಗೆ ಹೇಳು, ಮನಸ್ಸಿಗೂ ಔಷಧಿ ಇದೆ, ಮಾತಾಡಿಸುವವರೂ ಇದ್ದಾರೆ.

ಭಾನುವಾರ ನಾನೂ ನಿಮ್ಮ ಮಾವನೂ ಬರುತ್ತೇವೆ. ನಾನು ಹೇಳುವುದಕ್ಕಿಂತ ಅವರು ಎದುರಿಗೆ ಕೂತು ಹೇಳಿದರೆ ಅಣ್ಣ ಕೇಳುತ್ತಾನೆ. ಅಷ್ಟರಲ್ಲಿ ಇವತ್ತಿನ ತೂಕ ನೋಡಿ ಕಳಿಸು, ಡಿಸ್ಚಾರ್ಜ್ ಪೇಪರಿನ ಫೋಟೊ ಕೂಡ. ಟ್ಯೂಬಿನ ವಿಷಯ ಮಾತ್ರ ಭಾನುವಾರದವರೆಗೆ ಕಾಯಿಸಬೇಡ, ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡು.